ಜೀರಿಗೆ ನಡೆಯುವುದಿಲ್ಲ

ನಮ್ಮೂರಿನ ಪ್ರತಿ ಅಡುಗೆಮನೆಯಲ್ಲೂ ಹಪ್ಪಳದ ಡಬ್ಬ ಎರಡಿರುತ್ತವೆ. ಒಂದು ತಿನ್ನೋ ಡಬ್ಬ, ಇನ್ನೊಂದು ನೋಡೋ ಡಬ್ಬ. ತಿನ್ನೋ ಡಬ್ಬ ಒಲೆಯ ಪಕ್ಕದ ಗೂಡಿನಲ್ಲಿ, ಯಾರ ಕೈಗಾದರೂ ಸಿಗುವಂತೆ. ನೋಡೋ ಡಬ್ಬ ಅಟ್ಟದ ಮೇಲೆ, ಬಟ್ಟೆ ಸುತ್ತಿಕೊಂಡು. ಹೊಸ ಸೊಸೆ ಬಂದರೆ ದೇವರಮನೆಗಿಂತ ಮೊದಲು ಈ ಡಬ್ಬಗಳನ್ನು ತೋರಿಸುತ್ತಾರೆ. ಬೇರೆ ಊರಿನಿಂದ ಬಂದ ನನಗೂ ನಮ್ಮತ್ತೆ ಹಾಗೆಯೇ ತೋರಿಸಿದ್ದರು. "ಇದು ಹೊಟ್ಟೆಗೆ, ಇದು ಕಣ್ಣಿಗೆ. ಅದಲುಬದಲಾದ್ರೆ ಮನೆ ಮರ್ಯಾದೆ ಎಣ್ಣೆಗೆ ಬಿತ್ತು ಅಂತ್ಲೇ ತಿಳ್ಕೊ" ಎಂದಿದ್ದರು. ಈ ಬೇಸಿಗೆ ನಮ್ಮ ಮನೆಯಲ್ಲಿ ಅದು ನಿಜವಾಗಿಯೂ ಎಣ್ಣೆಗೆ ಬಿತ್ತು. ಬೇಳೆ ಬೇಯುವಷ್ಟರಲ್ಲಿ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ. ಬರೆಯದೆ ಇದ್ದರೆ ನನಗೆ ಕೈಕಾಲು ಆಡುವ ಹಾಗಿಲ್ಲ.

ಬೇಸಿಗೆಯ ನಡುಮಧ್ಯಾಹ್ನ ನಮ್ಮೂರಿನ ಮೇಲೆ ಎರಡು ಬಿಸಿಲು ಬೀಳುತ್ತವೆ. ಒಂದು ಎಲ್ಲ ಊರುಗಳಲ್ಲೂ ಬೀಳುವಂಥದ್ದು. ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ. ಎಂದೋ ಸಿಡಿದುಹೋದ ನಕ್ಷತ್ರಗಳಿಂದ ಬರುತ್ತದೆ. ಶಾಲೆಯ ಪುಸ್ತಕ ಅದನ್ನು ಎಕ್ಸ್‌ರೇ ಎನ್ನುತ್ತದೆ, ನಾವು ಒಳಬಿಸಿಲು ಎನ್ನುತ್ತೇವೆ. ಅದು ಬೀಳುವ ಹೊತ್ತಿಗೆ, ಊರಿನ ಪರವಾಗಿ ಆಕಾಶದ ಲೆಕ್ಕ ಇಡುವ ನೋಟದ ಮನೆಯಿಂದ ಗಂಟೆ ಬಾರಿಸುತ್ತಾರೆ. ಕೋಳಿಗಳ ಮೇಲೆ ಬುಟ್ಟಿ ಮುಚ್ಚಿ, ಮಕ್ಕಳನ್ನು ಒಳಗೆ ಕರೆದು, ಎಲ್ಲರೂ ಅದನ್ನು ತಡೆಯುವ ತಗಡಿನ ಸೂರಿನಡಿ ಒಂದು ನಿದ್ದೆ ತೆಗೆಯುತ್ತೇವೆ. ಮಾಳಿಗೆಯ ಮೇಲೆ ಅಕ್ಕಿ ಹಪ್ಪಳ ಮಾತ್ರ ಬಿದ್ದಿರುತ್ತದೆ. ಸಂಜೆ ಹೋಗಿ ನೋಡಿದರೆ ಅದರ ಮೇಲೆ ಚಿತ್ರ ಮೂಡಿರುತ್ತದೆ. ಉಂಗುರದ ಹಾಗೆ ಹರಡಿದ ಹೊಗೆ, ಅದರಲ್ಲಿ ಗಂಟುಗಂಟು, ಎಳೆ ಎಳೆ. ಕಬ್ಬಿಣವಿರುವ ಕಡೆ ಇಟ್ಟಿಗೆಯ ಕೆಂಪು, ಗಂಧಕವಿರುವ ಕಡೆ ಅರಿಸಿನ, ಸುಣ್ಣವಿರುವ ಕಡೆ ಬೂದಿಯ ಬಿಳುಪು. ಒಂದೊಂದು ಮಾಳಿಗೆಗೆ ಸಿಡಿದ ನಕ್ಷತ್ರ ಒಂದೊಂದೇ, ಅದನ್ನು ಸಿಡಿಚುಕ್ಕಿ ಎನ್ನುತ್ತೇವೆ. ಪಕ್ಕದ ಮನೆಯ ಜೈತುನ್‌ಬಿಯವರದು ಒಡೆದ ದಾಳಿಂಬೆಯಂತೆ ತುಂಬಿ ತುಳುಕುತ್ತದೆ. ನಮ್ಮದು ಪಾಪ, ತೊಟ್ಟು ತೊಟ್ಟು ಸವೆದ ಬಳೆಯಂತಿದೆ. ನಲ್ಲಿಯ ಹತ್ತಿರ ನಿಂತಾಗ ನಾವು ಹೆಂಗಸರು ಕೇಳಿಕೊಳ್ಳುವುದು ಇದನ್ನೇ: "ಏನ್ರೀ, ಈ ಸಲ ನಿಮ್ಮದ್ರಲ್ಲಿ ಕಬ್ಬಿಣ ಚೆನ್ನಾಗಿ ಬಂತಾ?"

ಇನ್ನೊಂದು ವಿಷಯ ಹೇಳಬೇಕು. ಪ್ರತಿ ಹಪ್ಪಳದಲ್ಲೂ ಉಂಗುರದ ಎಡಕ್ಕೊಂದು ಬಲಕ್ಕೊಂದು ಪುಟ್ಟ ಚುಕ್ಕಿ ಬೀಳುತ್ತದೆ. ಅವು ಬಹಳ ಬಹಳ ದೂರದವು, ಎಷ್ಟು ವರ್ಷ ಕಳೆದರೂ ಜಾಗ ಬಿಟ್ಟು ಕದಲುವುದಿಲ್ಲ. ಅವನ್ನು ಕಾವಲು ಚುಕ್ಕಿ ಎನ್ನುತ್ತೇವೆ. ನೋಟದ ಮನೆಯವರು ಒಂದು ಕಾವಲು ಚುಕ್ಕಿಯಿಂದ ಇನ್ನೊಂದಕ್ಕೆ ದಾರ ಎಳೆದು ಕಟ್ಟಿ, ಆ ದಾರ ಮಟ್ಟಸವಾಗಿ ನಿಲ್ಲುವ ಹಾಗೆ ಹಪ್ಪಳವನ್ನು ಗೋಡೆಗೆ ತೂಗುಹಾಕುತ್ತಾರೆ.

ನಮ್ಮತ್ತೆಯ ಹೆಸರು ತಾಯಮ್ಮ. ಊರಿನವರ ಬಾಯಲ್ಲಿ ಜೀರಿಗೆ ತಾಯಮ್ಮ. ಮೊದಲ ಮೋಡ ಕಟ್ಟುವ ಮುಂಚೆ ವರ್ಷಕ್ಕೊಮ್ಮೆ ನೋಟದ ಮನೆಯಲ್ಲಿ ತೋರಿಕೆ ನಡೆಯುತ್ತದೆ. ಪ್ರತಿ ಮನೆಯವರೂ ತಮ್ಮ ಹಪ್ಪಳ ತಂದಿಟ್ಟು ಏನು ಕಂಡಿತೆಂದು ಹೇಳಬೇಕು. ನಾನು ಮದುವೆಯಾಗಿ ಬಂದ ವರ್ಷ ಅತ್ತೆ ಎದ್ದು ನಿಂತು, "ಉಂಗುರದ ನಡುವೆ ಒಂದು ಕರೀ ಚುಕ್ಕಿ ಐತೆ. ನಕ್ಷತ್ರ ಸಿಡಿದ್ರೆ ಎಲ್ಲಾ ಚೆಲ್ಲಿಹೋಗಲ್ಲ. ಎದೆ ಉಳ್ಕೊಂಡೈತೆ" ಎಂದರು. ಸಭೆಯ ಹಿರಿಯರಾದ ಗುರುಶಾಂತಪ್ಪನವರು ಕನ್ನಡಕ ಏರಿಸಿ, ಹಪ್ಪಳ ನೋಡಿ, "ಎದೆ ಅಲ್ಲ ತಾಯಮ್ಮನೋರೆ, ಜೀರಿಗೆ. ಹಿಟ್ಟಿಗೆ ವಸಿ ಕಮ್ಮಿ ಹಾಕಿ" ಎಂದರು. ಇಡೀ ನೋಟದ ಮನೆ ಬಿದ್ದು ಬಿದ್ದು ನಕ್ಕಿತು. ಮರುವರ್ಷ ಅತ್ತೆ ಜೀರಿಗೆಯನ್ನೇ ಹಾಕದೆ ಹಪ್ಪಳ ಒತ್ತಿದರು. ಚುಕ್ಕಿ ಮತ್ತೆ ಬಂತು. "ಪಕ್ಕದ್ಮನೆ ಜೀರಿಗೆ ಗಾಳೀಲಿ ಹಾರ್ಕೊಂಡು ಬಂದೈತೆ" ಎಂದರು ಗುರುಶಾಂತಪ್ಪ. ಗೋಡೆಗೆ ತೂಗುಹಾಕಿದಾಗ ಚುಕ್ಕಿ ಸರಿಯಾಗಿ ದಾರದ ಕೆಳಗೇ ಬರುತ್ತಿತ್ತು. ಅದಕ್ಕೂ ಒಂದು ಮಾತು ಸಿದ್ಧವಾಗಿತ್ತು: "ನೋಡ್ರಪ್ಪಾ, ದಾರಕ್ಕೆ ಪೋಣಿಸಿದ ಜೀರಿಗೆ!" ಅತ್ತೆ ಎಲ್ಲರ ಜೊತೆ ತಾವೂ ನಗುತ್ತಿದ್ದರು. ಮನೆಗೆ ಬಂದು ಹುಣಸೆಹಣ್ಣು ಬಿಡಿಸುತ್ತ ಕೂತು, ಒಂದು ಬೀಜವನ್ನು ನನ್ನ ಅಂಗೈಗೆ ಹಾಕಿ, "ಹಣ್ಣು ಎಷ್ಟು ಕಿವುಚಿದ್ರೂ ಇದು ಉಳಿಯುತ್ತೆ ನೋಡು" ಎಂದು ಮತ್ತೆ ಹಣ್ಣು ಬಿಡಿಸತೊಡಗಿದರು.

ಅವರ ಕೊನೆಯ ವರ್ಷದ ಹಪ್ಪಳದ ಮೇಲೆ ಬೆರಳಿನ ಮೂಳೆಯೊಂದು ಅಚ್ಚೊತ್ತಿ ಬಂತು. ಒಳಬಿಸಿಲು ಚರ್ಮ ಮಾಂಸಗಳನ್ನು ಲೆಕ್ಕಿಸುವುದಿಲ್ಲ, ಮೂಳೆ ಮಾತ್ರ ಅದನ್ನು ತಡೆಯುತ್ತದೆ. "ಮುದುಕಿಗೆ ನಿದ್ದೆ ಬಂದಿಲ್ಲ, ಗಂಟೆ ಆದ್ಮೇಲೂ ಮಾಳಿಗೆ ಮೇಲೆ ಕೈಯಾಡಿಸ್ತಾ ಕೂತವ್ಳೆ" ಎಂದರು ಜನ. ಕೆಟ್ಟ ಹಪ್ಪಳವೆಂದು ಅದನ್ನು ಗೋಡೆಗೆ ಹಾಕಲಿಲ್ಲ. ನೋಟದ ಮನೆಯ ಬೀರುವಿನ ತಳಕ್ಕೆ ಹೋಯಿತು.

ಅತ್ತೆ ತೀರಿಕೊಂಡ ಮೇಲೆ ನಮ್ಮ ಸಿಡಿಚುಕ್ಕಿಯೂ ಮಂಕಾಗುತ್ತ ಬಂತು. ಮೂರು ತೋರಿಕೆಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣದಿದ್ದರೆ ಆ ಚುಕ್ಕಿಯನ್ನು ಕೈಬಿಡುವುದು ನಮ್ಮೂರಿನ ಪದ್ಧತಿ. ಮಾಳಿಗೆಗೆ ಬೇರೊಂದು ಎಳೆಯ ಚುಕ್ಕಿ ಕೊಡುತ್ತಾರೆ. ಹಳೆಯದರ ಹಪ್ಪಳಗಳನ್ನೆಲ್ಲ ಗೋಡೆಯಿಂದ ಇಳಿಸಿ ಕೆರೆಗೆ ಬಿಡುತ್ತಾರೆ, ಮೀನು ತಿನ್ನುತ್ತವೆ. ಇದರಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲ. ಗೋಡೆಯ ಮೇಲೆ ಜಾಗ ಬೇಕಲ್ಲ. ನಮಗೆ ಎರಡು ತೋರಿಕೆ ಬರಿದಾಗಿ ಹೋಗಿದ್ದವು. ಇದು ಮೂರನೆಯದು.

ನನ್ನ ಮಗಳು ಕುಮುದಾ, ನಮಗೆಲ್ಲ ಕುಮ್ಮಿ, ಅಜ್ಜಿಯ ಸೆರಗು ಹಿಡಿದೇ ನಡೆಯಲು ಕಲಿತವಳು. ಈಗ ಏಳನೇ ತರಗತಿ ಮುಗಿಸಿದ್ದಾಳೆ. ಬೇಸಿಗೆ ರಜ ಶುರುವಾದ ದಿನವೇ ನನ್ನ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಮ್ಮ, ಅಜ್ಜಿ ಹಪ್ಪಳ ಮೀನಿಗೆ ಹಾಕಕ್ಕೆ ನಾನು ಬಿಡಲ್ಲ."

"ಬಿಡಬೇಡ. ಏನು ಮಾಡ್ತೀಯ?"

"ಎಲ್ಲರೂ ದಿನಕ್ಕೊಂದು ಹಪ್ಪಳ ಒಣಗಿಸ್ತಾರೆ. ನಾನು ಬೇಸಿಗೆ ಪೂರ್ತಿ ಅದೇ ಹಪ್ಪಳ ಅದೇ ಜಾಗದಲ್ಲಿ ಇಡ್ತೀನಿ. ನಮ್ಮ ಚುಕ್ಕಿ ಮಂಕು ಅಷ್ಟೇ ತಾನೆ? ಸ್ವಲ್ಪ ಸ್ವಲ್ಪ ಬಿದ್ರೂ ಸೇರ್ಕೊಂಡು ಸೇರ್ಕೊಂಡು ಕಾಣಬೇಕಲ್ವಾ?"

ಇದು ಅವಳ ಅಜ್ಜಿಯ ದನಿಯೇ. ಹಿಟ್ಟು ಬೇಯಿಸಿ ಕೊಟ್ಟೆ. ಉಪ್ಪು, ಇಂಗು ಹಾಕಿದೆ, ಜೀರಿಗೆ ಮಾತ್ರ ಇಲ್ಲ. ಅವಳು ಒತ್ತಿದಳು. ಪ್ರತಿ ಹಪ್ಪಳದ ಸುತ್ತ ಮಾಳಿಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗಂಟೆಗೆ ಮುಂಚೆ ಅದೇ ಗೆರೆಯೊಳಗೆ ಇಡುವುದು, ಸಂಜೆ ಎತ್ತುವುದು. ಇರುವೆ ಬಂದರೆ ನಾನು ಓಡುವುದು, ಕಾಗೆ ಬಂದರೆ ಅವಳು ಓಡುವುದು. ಬೇಸಿಗೆ ಮುಗಿಯುತ್ತ ಬಂದಾಗ ಉಂಗುರ ನಸುವಾಗಿ ಮೂಡಿತ್ತು. ಕಾವಲು ಚುಕ್ಕಿಗಳೆರಡೂ ಇದ್ದವು. ನಡುವೆ ಮಾತ್ರ ಏನೂ ಕಾಣಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಳು, ಒದ್ದೆ ಬಟ್ಟೆಯಿಂದ ಒರೆಸಿ ನೋಡಿದಳು, ದೀಪಕ್ಕೆ ಅಡ್ಡ ಹಿಡಿದು ನೋಡಿದಳು. ದಿನಕ್ಕೆ ಹತ್ತು ಸಲ ಅಟ್ಟ ಹತ್ತುವುದೇಕೆಂದು ನೋಡೋ ಡಬ್ಬವನ್ನು ಕೆಳಗೇ ಇಟ್ಟುಕೊಂಡಳು. ಒಲೆಯ ಪಕ್ಕ.

ಬೇಳೆ ಬೆಂದಿತು, ಒಗ್ಗರಣೆ ಕೊಟ್ಟು ಬಂದೆ. ಇನ್ನು ಮುಖ್ಯವಾದದ್ದು.

ನಮ್ಮವರು ತಗಡಿನ ಕೆಲಸದವರು. ಊರಿನ ಸೂರುಗಳಲ್ಲಿ ಅರ್ಧ ಅವರ ಕೈಯಲ್ಲಿ ಆದದ್ದು. ಮಗಳು ಇಷ್ಟು ಕಷ್ಟಪಡುತ್ತಿದ್ದಾಳೆಂದು, ತುಕ್ಕು ಹಿಡಿದ ನೋಡೋ ಡಬ್ಬವನ್ನು ಎಸೆದು ಹೊಸದೊಂದನ್ನು ಪ್ರೀತಿಯಿಂದ ಮಾಡಿಕೊಟ್ಟಿದ್ದರು. ಎಷ್ಟು ಪ್ರೀತಿಯೆಂದರೆ ಅದು ತಿನ್ನೋ ಡಬ್ಬದ ಅವಳಿಯಂತಿತ್ತು. ಅದೇ ಅಳತೆ, ಅದೇ ಮುಚ್ಚಳ, ಅದೇ ಹೊಳಪು. ತೋರಿಕೆಯ ಹಿಂದಿನ ದಿನ ನನ್ನ ಅಣ್ಣ ವೀರಣ್ಣ ಹೇಳದೆ ಕೇಳದೆ ನಮ್ಮ ಮನೆಗೆ ಬಂದ. ನಾನೂ ಕುಮ್ಮಿಯೂ ಹಿಟ್ಟಿನ ಗಿರಣಿಗೆ ಹೋಗಿದ್ದೆವು. ಮನೆಯಲ್ಲಿದ್ದ ಅನ್ನ ಸಾರು ಬಡಿಸಿದ ನಮ್ಮವರಿಗೆ, ಭಾವನಿಗೆ ಬರಿ ಸಾರು ಹೇಗೆ ಹಾಕುವುದೆಂದು ಸಂಕೋಚವಾಯಿತಂತೆ. ಬಾಣಲೆ ಇಟ್ಟರು.

ನಾವು ಬೀದಿಯ ತಿರುವಿಗೆ ಬರುವಾಗಲೇ ಹಪ್ಪಳ ಕರಿದ ವಾಸನೆ ಬಂತು. "ನಿಮ್ಮಪ್ಪ ಅಡುಗೆ ಮಾಡ್ತಿರೋ ಹಾಗಿದೆ" ಎಂದು ನಾನು ನಕ್ಕೆ. ಕುಮ್ಮಿ ನಿಂತುಬಿಟ್ಟಳು. ಮೂಗರಳಿಸಿ ಇನ್ನೊಮ್ಮೆ ಉಸಿರೆಳೆದಳು.

"ಅಮ್ಮ, ಜೀರಿಗೆ ವಾಸನೆ ಬರ್ತಿಲ್ಲ!"

ಹಿಟ್ಟಿನ ಚೀಲ ಅಲ್ಲೇ ಬಿಟ್ಟು ಓಡಿದಳು. ನಾನು ಚೀಲ ಎತ್ತಿಕೊಂಡು ಅವಳ ಹಿಂದೆ. ಒಳಗೆ ಹೋದರೆ ಅಣ್ಣ ಊಟಕ್ಕೆ ಕೂತಿದ್ದಾನೆ, ನಮ್ಮವರು ಜಾಲರಿ ಸೌಟು ಹಿಡಿದು ಬೀಗುತ್ತ ನಿಂತಿದ್ದಾರೆ.

"ಬಾಮ್ಮ ಕುಮ್ಮಿ!" ಎಂದ ಅಣ್ಣ, ಬಾಯಿ ತುಂಬ ಕುರುಕುರು. "ನಿಮ್ಮೂರಲ್ಲಿ ಹಪ್ಪಳಕ್ಕೂ ರಂಗೋಲಿ ಬಿಡ್ತಾರೇನಮ್ಮ? ಭಾಳ ಚೆನ್ನಾಗಿದೆ."

"ಅಪ್ಪಾಜಿ, ಯಾವ ಡಬ್ಬ?"

"ಇದೇ ಡಬ್ಬ, ಒಲೆ ಪಕ್ಕ..." ಎಂದವರು ಗೂಡಿನ ಕಡೆ ನೋಡಿದರು. ಅಲ್ಲಿ ತಿನ್ನೋ ಡಬ್ಬ ಮುಚ್ಚಿದ ಮುಚ್ಚಳ ಮುಚ್ಚಿದಂತೆಯೇ ಹೊಳೆಯುತ್ತಿತ್ತು. ನಮ್ಮವರ ಕೈಯಿಂದ ಸೌಟು ಜಾರಿತು. ನಾನು ಅವರ ಮುಖವನ್ನು ಹಾಗೆ ಎಂದೂ ನೋಡಿರಲಿಲ್ಲ.

ಅಣ್ಣ ಅರ್ಧ ಹಪ್ಪಳವನ್ನು ಬಾಯಿಗೆ ಒಯ್ಯುತ್ತಿದ್ದ. "ಮಾವ, ಬೇಡ!" ಎಂದು ಕುಮ್ಮಿ ಕಿರುಚಿದ ರಭಸಕ್ಕೆ ಅವನ ಕೈ ಗಾಳಿಯಲ್ಲೇ ನಿಂತಿತು. ಅವಳು ಆ ತುಂಡನ್ನು ಎರಡು ಬೆರಳಿನಲ್ಲಿ ಬಿಡಿಸಿಕೊಂಡು ಕಿಟಕಿಯ ಬೆಳಕಿಗೆ ಒಯ್ದಳು. ನಾನು ಅವಳನ್ನು ತಬ್ಬಿ ಸಮಾಧಾನ ಮಾಡೋಣವೆಂದು ಹತ್ತಿರ ಹೋದೆ. ಅವಳು ಅಳುತ್ತಿರಲಿಲ್ಲ.

"ಅಮ್ಮ, ನೋಡು."

ನೋಡಿದೆ. ಎಣ್ಣೆಯಲ್ಲಿ ಹಪ್ಪಳ ಅರಳಿತ್ತಲ್ಲ, ಅದರ ಜೊತೆ ಚಿತ್ರವೂ ಅರಳಿತ್ತು. ಒಳಬಿಸಿಲು ಬಿದ್ದಿದ್ದ ಕಡೆಯೆಲ್ಲ ಎಣ್ಣೆ ಹೆಚ್ಚು ಕೆಂಪಗೆ ಹಿಡಿದಿತ್ತು. ನಸುವಾಗಿದ್ದ ಉಂಗುರ ಕಾಫಿಯ ಬಣ್ಣಕ್ಕೆ ತಿರುಗಿ, ಎರಡರಷ್ಟು ದೊಡ್ಡದಾಗಿ, ಅದರ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಉಂಗುರದೊಳಗೆ, ಬೆಳ್ಳಗಿನ ಜಾಗದಲ್ಲಿ, ಒಂದೇ ಒಂದು ಕರಿ ಚುಕ್ಕಿ. ನಮ್ಮೂರಿನಲ್ಲಿ ಇಷ್ಟು ತಲೆಮಾರುಗಳಲ್ಲಿ ನೋಡೋ ಹಪ್ಪಳವನ್ನು ಯಾರೂ ಎಣ್ಣೆಗೆ ಬಿಟ್ಟವರಲ್ಲ. ಯಾರಿಗೆ ಗೊತ್ತಿತ್ತು!

"ಅಜ್ಜಿ ಚುಕ್ಕಿ" ಎಂದೆ.

ಕುಮ್ಮಿ ಹುಬ್ಬು ಗಂಟಿಕ್ಕಿದಳು. "ಅಜ್ಜಿ ಹಪ್ಪಳದಲ್ಲಿ ಇದು ದಾರದ ಕೆಳಗೇ ಬರ್ತಿತ್ತಲ್ವಾ? ಪೋಣಿಸಿದ ಜೀರಿಗೆ ಅಂತ ನಗ್ತಿದ್ರಲ್ಲ? ಇಲ್ಲಿ ಮೇಲೆ ಹೋದ ಹಾಗಿದೆ." ಒಂದು ಕಾವಲು ಚುಕ್ಕಿಯ ಮೇಲೆ ಬೆರಳಿಟ್ಟಳು. ಇನ್ನೊಂದನ್ನು ಹುಡುಕಿದಳು. ಹಪ್ಪಳ ಅಲ್ಲಿಗೆ ಮುಗಿದಿತ್ತು. "ಇನ್ನೊಂದು ಕಾವಲು ಚುಕ್ಕಿ ಎಲ್ಲಿ?"

ಎಲ್ಲರೂ ಅಣ್ಣನ ಕಡೆ ನೋಡಿದೆವು. ಅವನು ಬಾಯಲ್ಲಿದ್ದದ್ದನ್ನು ಮೆಲ್ಲಗೆ ನುಂಗಿದ.

"ನಂಗೇನಮ್ಮ ಗೊತ್ತು, ನಕ್ಷತ್ರ ಅಂತ" ಎಂದ. "ಉಪ್ಪು ಸರಿಯಾಗಿತ್ತು."

ಎರಡು ಕಾವಲು ಚುಕ್ಕಿಗಳಿಲ್ಲದೆ ದಾರ ಹಿಡಿಯುವಂತಿಲ್ಲ. ದಾರ ಹಿಡಿಯದೆ ಚುಕ್ಕಿ ಎಲ್ಲಿದೆಯೆಂದು ಹೇಳುವಂತಿಲ್ಲ. ಕುಮ್ಮಿ ಡಬ್ಬ ಬಗ್ಗಿಸಿದಳು, ತಳ ಬಡಿದಳು. ತಳಕ್ಕೆ ಅಂಟಿಕೊಂಡಿದ್ದ ಒಂದು ಹಸಿ ಹಪ್ಪಳ ಕಳಚಿಕೊಂಡು ಬಿತ್ತು. ಒಂದೇ. ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಕಣ್ಣು ದೀಪದ ಹಾಗೆ.

"ಅಮ್ಮ, ಜೀರಿಗೆ ನಡೆಯುತ್ತಾ?"

"ಅದಕ್ಕೆ ಕಾಲೆಲ್ಲಿದೆಯೇ, ಹುಚ್ಚಿ?"

ಅವಳು ನನ್ನ ಸೊಂಟ ಹಿಡಿದು ಎರಡು ಸುತ್ತು ತಿರುಗಿಸಿಬಿಟ್ಟಳು. ನನಗೆ ಅರ್ಥವಾಗಿರಲಿಲ್ಲ, ಆದರೂ ತಿರುಗಿದೆ.

ಮರುದಿನ ತೋರಿಕೆ. ಬೆಳಿಗ್ಗೆಯೇ ನೋಟದ ಮನೆಯ ಅಂಗಳ ತುಂಬಿತ್ತು. ನಮ್ಮ ಸರದಿ ಬಂದಾಗ ಕುಮ್ಮಿ ಆ ಅರ್ಧ ಹಪ್ಪಳವನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಳು. ಜನ ಮೊದಲು ಮೂಸಿದರು, ಆಮೇಲೆ ನಕ್ಕರು. ಗುರುಶಾಂತಪ್ಪನವರಿಗೆ ಈಗ ವಯಸ್ಸಾಗಿದೆ, ನಾಲಿಗೆಗೆ ಆಗಿಲ್ಲ.

"ಕರಿದಿದ್ದು ತೋರಿಕೆಗೆ ಬರಲ್ಲ ಕಣಮ್ಮ. ಇವತ್ತು ಇದನ್ನ ಒಪ್ಕೊಂಡ್ರೆ ನಾಳೆ ಯಾರಾನಾ ಚಿತ್ರಾನ್ನ ತಂದು ನಕ್ಷತ್ರ ಅಂತಾರೆ. ಸಾಸಿವೆ ಎಲ್ಲಾ ಚುಕ್ಕಿ ಆಗ್ತದೆ!"

"ಇದರಲ್ಲಿ ಅಜ್ಜಿ ಹೇಳಿದ ಚುಕ್ಕಿ ಇದೆ" ಎಂದಳು ಕುಮ್ಮಿ.

"ಎಣ್ಣೆ ಗುಳ್ಳೆ ಅದು. ಅಜ್ಜಿದು ಜೀರಿಗೆ, ಮೊಮ್ಮಗಳದು ಗುಳ್ಳೆ."

ಮತ್ತೆ ನಗು. ಅವಳ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದಲೇ ಕಂಡಿತು. ಆದರೂ ತಟ್ಟೆ ಕೆಳಗಿಡಲಿಲ್ಲ. "ಹಸಿದು ಒಂದು ಇದೆ. ಇಲ್ಲೇ, ನಿಮ್ಮೆಲ್ಲರ ಮುಂದೇನೆ ಕರೀತೀವಿ."

ಆಗ ನೋಟದ ಮನೆಯ ದಾಕ್ಷಾಯಿಣಿ ಮೇಡಂ ಎದ್ದು ಬಂದರು. ಗೋಡೆಯ ಮೇಲಿನ ಪ್ರತಿ ಹಪ್ಪಳದ ಧೂಳು ಒರೆಸುವವರು ಅವರೇ. ಹಸಿ ಹಪ್ಪಳವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಕುಮುದಾ, ಕೇಳು. ಉಂಗುರ ಮಂಕಾಗಿದ್ರೂ ಇದೆ. ಇದನ್ನ ಹೀಗೇ ಇಟ್ರೆ, ಇನ್ನೊಂದು ವರ್ಷ ಕೊಡಿ ಅಂತ ಸಭೆನ ಕೇಳೋಕೆ ನನಗೆ ಒಂದು ನೆಪ ಇರುತ್ತೆ. ಕರಿದು ಒಡೆದುಹೋದ್ರೆ, ಅಥವಾ ಏನೂ ಕಾಣದೆ ಹೋದ್ರೆ, ನನ್ನ ಕೈಲಿ ಏನೂ ಉಳಿಯಲ್ಲ ಮಗಳೇ. ಸಂಜೆಗೆ ಅಜ್ಜಿ ಹಪ್ಪಳ ಎಲ್ಲಾ ಇಳಿಸಬೇಕಾಗುತ್ತೆ."

ಕುಮ್ಮಿ ನನ್ನ ಮುಖ ನೋಡಿದಳು. ಬೇಡ ಎನ್ನಬೇಕೆಂದು ನನ್ನ ಬಾಯಿಗೆ ಬಂದಿತ್ತು. ಇನ್ನೊಂದು ವರ್ಷ ಎಂದರೆ ಸಣ್ಣ ಮಾತಲ್ಲ. ಆದರೆ ಇಡೀ ಬೇಸಿಗೆ ಸೀಮೆಸುಣ್ಣ ಹಿಡಿದು ಬಿಸಿಲು ಕಾದವಳು ಅವಳು. "ನೀನು ಒತ್ತಿದ ಹಪ್ಪಳ. ನೀನೇ ಹೇಳು" ಎಂದೆ.

"ಕರಿ ಅಮ್ಮ. ನೀನೇ ಕರಿ."

ಹಿಂದಿನ ಸಾಲಿನಿಂದ ಜೈತುನ್‌ಬಿ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದರು. "ನಿಲ್ಲಿ ನಿಲ್ಲಿ. ಮೊದ್ಲು ನಂದು ಕರೀರಿ. ನಮ್ಮ ದಾಳಿಂಬೆಗೆ ಎದೆ ಇಲ್ಲ ಅಂತ ಊರಿಗೇ ಗೊತ್ತು. ಎಣ್ಣೆ ಚುಕ್ಕಿ ಹುಟ್ಟಿಸ್ತದೋ ಇಲ್ವೋ ನೋಡೇ ಬಿಡೋಣ."

"ನಿಂದು ಚಿನ್ನದಂಥಾ ಹಪ್ಪಳ, ಹಾಳಾಗ್ತದೆ ಜೈತುನ್‌ಬಿ!" ಎಂದರು ಯಾರೋ.

"ತಾಯಮ್ಮಕ್ಕ ನನ್ನ ಬಾಣಂತನ ಮಾಡಿದ್ದಾಳೆ. ಒಂದು ಹಪ್ಪಳ ದೊಡ್ಡದಾ?"

ಒಲೆ ಬಂತು, ಬಾಣಲೆ ಬಂತು. ನಮ್ಮವರು ಮನೆಗೆ ಓಡಿ ನನ್ನ ಜಾಲರಿ ಸೌಟನ್ನೇ ತಂದುಕೊಟ್ಟರು. ನೋಟದ ಮನೆಯ ಅಂಗಳ ಮದುವೆಮನೆಯ ಹಿತ್ತಲಾಯಿತು. ಎಣ್ಣೆ ಕಾದಿತೇ ಎಂದು ಚಿಟಿಕೆ ಹಿಟ್ಟು ಬಿಟ್ಟೆ. ಸುಯ್ಯೆಂದು ಮೇಲೆ ಬಂತು. ಜೈತುನ್‌ಬಿಯ ಹಪ್ಪಳ ಇಳಿಸಿದೆ. ಅದು ಅರಳಿದ್ದೇ ತಡ, ಸುತ್ತ ನಿಂತವರೆಲ್ಲ "ಅಯ್ಯೋ" ಎಂದರು. ಎಂಥ ದಾಳಿಂಬೆ! ಕೆಂಪು ಗಂಟುಗಳು, ಹಳದಿ ಎಳೆಗಳು, ಎಂದೂ ಕಾಣದ ಒಂದು ಕೊಂಬೆ ಅಂಚಿನಾಚೆಗೆ ಚಾಚಿಕೊಂಡಿತ್ತು. ಜೈತುನ್‌ಬಿ ಬಾಯಿಗೆ ಸೆರಗು ಒತ್ತಿಕೊಂಡು, "ಇದು ನಮ್ಮ ಮನೇದಾ?" ಎಂದು ಕೇಳುತ್ತಲೇ ಇದ್ದರು. ಮೇಡಂ ಬಗ್ಗಿ ನೋಡಿ ಹೇಳಿದರು, "ನಡುವೆ ಚುಕ್ಕಿ ಇಲ್ಲ. ಎಣ್ಣೆ ಇದ್ದದ್ದನ್ನ ತೋರಿಸುತ್ತೆ, ಇಲ್ಲದ್ದನ್ನ ಹುಟ್ಟಿಸಲ್ಲ." ಗುರುಶಾಂತಪ್ಪ ಕೂತಿದ್ದ ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು.

ಈಗ ನಮ್ಮದು. ಸಾವಿರ ಹಪ್ಪಳ ಕರಿದಿದ್ದೇನೆ. ಆದರೂ ಅದನ್ನು ಎಣ್ಣೆಗೆ ಬಿಡುವಾಗ ಕುಮ್ಮಿ ಹುಟ್ಟಿದ ದಿನ ಅವಳನ್ನು ಮೊದಲ ಸಲ ನೀರಿಗೆ ಹಾಕಿದ್ದು ನೆನಪಾಯಿತು. ಬಿಟ್ಟೆ. ಬೇಸಿಗೆಯೆಲ್ಲ ಬೆಂದು ಒಣಗಿದ್ದ ಹಪ್ಪಳ, ಬಿಟ್ಟ ಕೂಡಲೇ ಅಂಚು ಮಡಚಿಕೊಂಡು ದೊನ್ನೆಯಾಗಲು ನೋಡಿತು. ಹಾಗಾದರೆ ಒಂದು ಕಾವಲು ಚುಕ್ಕಿ ಇನ್ನೊಂದರ ಮೇಲೆ ಬಿದ್ದು ಎಲ್ಲ ಮುಗಿಯುತ್ತದೆ. ಸೌಟಿನ ಬೆನ್ನಿನಿಂದ ಮೆತ್ತಗೆ ಅದುಮಿ ಹಿಡಿದೆ. "ಅಮ್ಮ, ಅಮ್ಮ, ಅಮ್ಮ" ಎಂದು ಕುಮ್ಮಿ ನನ್ನ ಬೆನ್ನ ಹಿಂದೆ ಉಸಿರಿಗೊಮ್ಮೆ ಹೇಳುತ್ತಿದ್ದಳು. ಹಪ್ಪಳ ಸೌಟಿನಡಿ ಒದ್ದಾಡಿತು, ಸಡಿಲವಾಯಿತು, ಪೂರಾ ಅರಳಿತು. ಎತ್ತಿ ಬಿಳಿ ಬಟ್ಟೆಯ ಮೇಲೆ ಮಲಗಿಸಿದೆ.

ಉಂಗುರ ಇತ್ತು. ಎರಡು ಕಾವಲು ಚುಕ್ಕಿಗಳಿದ್ದವು. ಉಂಗುರದೊಳಗೆ ಕರಿ ಚುಕ್ಕಿ, ಅರ್ಧ ಹಪ್ಪಳದಲ್ಲಿದ್ದಂತೆಯೇ, ಅಲ್ಲಿಯೇ.

ಕುಮ್ಮಿ ಕುತ್ತಿಗೆಯಲ್ಲಿ ಹಾಕಿಕೊಂಡು ಬಂದಿದ್ದ ದಾರ ತೆಗೆದು ಕಾವಲಿನಿಂದ ಕಾವಲಿಗೆ ಹಿಡಿದಳು. ಚುಕ್ಕಿ ದಾರದಡಿ ಅಡಗಿರಲಿಲ್ಲ. ದಾರದಿಂದ ಒಂದು ಬೆರಳಿನಷ್ಟು ಮೇಲಿತ್ತು.

"ಮೇಡಂ, ಅಜ್ಜಿ ಹಪ್ಪಳ ತರ್ತೀರಾ? ಮೊದಲನೇದು, ಆಮೇಲಿಂದು."

ಮೇಡಂ ಗೋಡೆಯಿಂದ ಇಳಿಸಿ ತಂದು ಸಾಲಾಗಿ ಇಟ್ಟರು. ಅತ್ತೆಯ ಮೊದಲ ಹಪ್ಪಳದಲ್ಲಿ ಚುಕ್ಕಿ ದಾರದ ಕೆಳಗೆ ಅಡಗಿತ್ತು. ಎಷ್ಟೋ ವರ್ಷಗಳ ನಂತರದ್ದರಲ್ಲಿ ದಾರಕ್ಕೆ ತಾಗಿಕೊಂಡು, ಕೂದಲೆಳೆಯಷ್ಟು ಮೇಲೆ ಇಣುಕುತ್ತಿತ್ತು. ಹಪ್ಪಳ ಅಷ್ಟು ವರ್ಷ ಆ ಗೋಡೆಯ ಮೇಲೇ ಇತ್ತು. ನಾವೆಲ್ಲ ಪ್ರತಿ ವರ್ಷ ಅದನ್ನು ನೋಡಿ ನಕ್ಕಿದ್ದೆವು.

"ಗುರುಶಾಂತಪ್ಪಜ್ಜ" ಎಂದಳು ಕುಮ್ಮಿ, "ಜೀರಿಗೆ ನಡೆಯುತ್ತಾ?"

ಆಗ ನನಗೆ ಅರ್ಥವಾಯಿತು. ಅಂಗಳದಲ್ಲಿ ಅರ್ಥವಾದವರು ಒಬ್ಬೊಬ್ಬರಾಗಿ ಪಕ್ಕದವರ ತೋಳು ಹಿಡಿದುಕೊಳ್ಳುತ್ತಿದ್ದರು. ಹಿಟ್ಟಿನಲ್ಲಿ ಸೇರಿದ ಜೀರಿಗೆ ಎಲ್ಲಿಯಾದರೂ ಬೀಳಬಹುದು. ಆದರೆ ವರ್ಷದಿಂದ ವರ್ಷಕ್ಕೆ, ಹಪ್ಪಳದಿಂದ ಹಪ್ಪಳಕ್ಕೆ, ಒಂದೇ ದಿಕ್ಕಿಗೆ ಹೆಜ್ಜೆ ಹಾಕುವುದಿಲ್ಲ. "ಸಿಡಿಯುವಾಗ ಎಲ್ಲಾ ಕಡೆಗೂ ಒಂದೇ ಸಮ ಸಿಡಿಯಲ್ಲ" ಎಂದು ಮೇಡಂ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು, ಅವರ ದನಿಯೇ ಏರುತ್ತಿತ್ತು. "ಒಂದು ಕಡೆ ಜಾಸ್ತಿ ಚೆಲ್ಲಿದ್ರೆ ಎದೆ ಇನ್ನೊಂದು ಕಡೆಗೆ ಚಿಮ್ಮಿ ಓಡುತ್ತೆ. ಇದು ಓಡ್ತಿದೆ ಕಣ್ರೇ! ಇನ್ನೂ ಓಡ್ತಾನೇ ಇದೆ!"

ಗುರುಶಾಂತಪ್ಪ ಕೈ ಚಾಚಿ ದಾರ ಕೇಳಿದರು. ತಾವೇ ಮೂರು ಹಪ್ಪಳಕ್ಕೂ ಹಿಡಿದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕೊನೆಗೆ ದಾರವನ್ನು ಸುತ್ತಿ ಕುಮ್ಮಿಯ ಅಂಗೈಗೆ ಇಟ್ಟರು.

"ಜೀರಿಗೆ ನಡೆಯಲ್ಲ ಕಣವ್ವ" ಎಂದರು. ಕುರ್ಚಿಗೆ ಒರಗಿ, "ಆದ್ರೆ ಒಂದು ಮಾತು. ಜೀರಿಗೆ ಅಂತ ಹೆಸರಿಟ್ಟೋನು ನಾನು. ಅದೊಂದನ್ನ ಬದಲಾಯಿಸ್ಬೇಡಿ" ಎಂದರು.

ಅಂಗಳವೆಲ್ಲ ನಕ್ಕಿತು. ಈ ನಗು ಬೇರೆ. ಕುಮ್ಮಿಯೂ ನಕ್ಕಳು. "ಬದಲಾಯಿಸಲ್ಲ ಅಜ್ಜ. ತಾಯಮ್ಮನ ಜೀರಿಗೆ ಅಂತ ಬರೆಸಿ." ಮೇಡಂ ಸಭೆಯನ್ನು ಕೇಳಲೂ ಇಲ್ಲ, ಸುಣ್ಣದ ಕಡ್ಡಿ ತೆಗೆದುಕೊಂಡು ಹಲಗೆಯ ಮೇಲೆ ಹಾಗೆಯೇ ಬರೆದರು. ನಮ್ಮ ಚುಕ್ಕಿಯನ್ನು ಯಾರೂ ಕೈಬಿಡಲಿಲ್ಲ. ಅಷ್ಟು ಹೊತ್ತಿಗೆ ಊರಿನ ಅರ್ಧ ಜನ ತಮ್ಮ ನೋಡೋ ಡಬ್ಬ ತರಲು ಮನೆಗೆ ಓಡಿದ್ದರು. ಬಾಣಲೆಯ ಮುಂದೆ ಸಾಲು ನಿಂತಿತು. ನನ್ನ ಅಣ್ಣ ತಟ್ಟೆ ಹಿಡಿದು ಅಲ್ಲಿಯೇ ಸುಳಿದಾಡುತ್ತಿದ್ದ. "ತಿನ್ನಕ್ಕಲ್ಲ ಭಾವ, ನೋಡಕ್ಕೆ" ಎಂದು ನಮ್ಮವರು ಪ್ರತಿ ಸಲವೂ ಹೇಳಬೇಕಾಯಿತು.

ಜನ ಚದುರಿದ ಮೇಲೆ ಕುಮ್ಮಿ ಮೇಡಂ ಹತ್ತಿರ ಹೋಗಿ ಬೀರುವಿನ ತಳದ ಆ ಕೆಟ್ಟ ಹಪ್ಪಳವನ್ನು ಕೇಳಿದಳು. ತಂದು ಬೆಳಕಿಗೆ ಹಿಡಿದೆವು. ಬೆರಳಿನ ಮೂಳೆ, ಬುಡದಲ್ಲಿ ಅತ್ತೆಯ ಉಂಗುರದ ನೆರಳು. ಮೂಳೆ ಅಂಚಿನಿಂದ ಒಳಗೆ ಚಾಚಿ ಬಂದು, ದಾರದ ಜಾಗ ದಾಟಿ, ಕೊಂಚ ಮೇಲಕ್ಕೆ ನಿಂತಿತ್ತು. ಅದರ ತುದಿಗೆ ತಾಗಿಕೊಂಡು ಚುಕ್ಕಿ. ಅತ್ತೆ ನಿದ್ದೆ ಬಾರದೆ ಕೈಯಾಡಿಸಿರಲಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಗಂಟೆ ಬಾರಿಸಿದ ಮೇಲೂ ಮಾಳಿಗೆಯ ಮೇಲೆ ಕೂತು, ಬೆರಳಿಟ್ಟು ತೋರಿಸಿದ್ದರು. ಈಗ ಅದು ಗೋಡೆಯ ನಟ್ಟನಡುವೆ ಇದೆ.

ಮಳೆಗೆ ಇನ್ನೂ ಕೆಲವು ದಿನವಿದೆ. ನೋಡೋ ಡಬ್ಬಕ್ಕೆ ನಮ್ಮವರು ಈಗ ಕೆಂಪು ಬಣ್ಣ ಬಳಿದಿದ್ದಾರೆ. ನಿನ್ನೆ ಮಧ್ಯಾಹ್ನ ಗಂಟೆ ಬಾರಿಸಿತು, ಕೋಳಿ ಮುಚ್ಚಿದೆ, ಕುಮ್ಮಿ ಮಾತ್ರ ಕೆಳಗೆ ಬರಲಿಲ್ಲ. ಮೆಟ್ಟಿಲು ಹತ್ತಿ ಹೋದರೆ ಮಾಳಿಗೆಯ ಬಾಗಿಲಲ್ಲಿ, ತಗಡಿನ ನೆರಳಿನೊಳಗೆ ಬೋರಲು ಮಲಗಿ, ತೋಳು ಮಾತ್ರ ಹೊರಗೆ ಚಾಚಿದ್ದಾಳೆ. ಹೊಸ ಹಪ್ಪಳದ ಮೇಲೆ ಒಂದು ಬೆರಳು.

"ಸಾಕು ಬಾರೇ, ಕೈ ಒಳಗೆ ತಗೋ" ಎಂದೆ.

"ಒಂದೇ ನಿಮಿಷ. ಅಮ್ಮ, ಆ ಕಡೆಯಿಂದ ನಿನ್ನ ಬೆರಳೂ ಇಡು. ಬೇಗ!"

ತಾಯಿಯಾದವಳು ಬೈಯಬೇಕಾದ ಹೊತ್ತು. ನಾನು ಅವಳ ಪಕ್ಕ ಮಲಗಿದೆ.

ಸಂಜೆ ಎತ್ತಿ ನೋಡಿದರೆ ಹಪ್ಪಳದ ಮೇಲೆ ಎರಡು ಬೆರಳಿನ ಮೂಳೆ ಮೂಡಿದ್ದವು, ಒಂದು ಸಣ್ಣದು, ಒಂದು ದೊಡ್ಡದು, ಎರಡೂ ಒಂದೇ ಕಡೆಗೆ ಚಾಚಿಕೊಂಡು. ಅವುಗಳ ತುದಿಯಲ್ಲಿ ಏನೂ ಕಾಣುತ್ತಿರಲಿಲ್ಲ. ನಾನು ಎಣ್ಣೆ ಕಾಯಲಿಟ್ಟೆ.